ಮೊದಲ ವರ್ಷದ ಕಾಂಟ್ರ್ಯಾಕ್ಟ್ ಪೇಪರ್: ಕೈಕೊಡುವ ವಿಷಯವನ್ನು ಹಿಡಿತಕ್ಕೆ ತಂದುಕೊಳ್ಳುವ ಬಗೆ

ಎಲ್‌ಎಲ್‌ಬಿ ಮೊದಲ ವರ್ಷದ ಪೇಪರ್‌ಗಳಲ್ಲಿ ಕಾಂಟ್ರ್ಯಾಕ್ಟ್, ಅಂದರೆ ಕರಾರಿನ ಕಾನೂನು, ಸುಲಭ ಅನ್ನಿಸುತ್ತದೆ. ಬಾಡಿಗೆ, ಸಾಲ, ಮಾರಾಟ, ಮುಂಗಡ ಎಲ್ಲವೂ ನಮಗೆ ಗೊತ್ತಿರುವ ಸಂಗತಿಗಳೇ. ಹಾಗಾಗಿ ನೋಟ್ಸ್ ಓದಿದರೆ ಸಾಕು ಅಂದುಕೊಂಡು ಕೂತವರಿಗೆ ಮೊದಲ ಟೆಸ್ಟ್‌ನಲ್ಲೇ ಪೆಟ್ಟು ಬೀಳುತ್ತದೆ. ಯಾಕೆಂದರೆ ಅಲ್ಲಿ ಬರುವ ಪ್ರಶ್ನೆ ‘ಪ್ರತಿಫಲ ಎಂದರೇನು’ ಅಂತ ಮಾತ್ರ ಇರುವುದಿಲ್ಲ. ಒಬ್ಬ ಪತ್ರ ಬರೆದ, ಇನ್ನೊಬ್ಬ ಒಪ್ಪಿದ, ನಡುವೆ ಮೊದಲನೆಯವನು ಮನಸ್ಸು ಬದಲಿಸಿದ, ಈಗ ಯಾರ ಮೇಲೆ ಯಾರು ದಾವೆ ಹಾಕಬಹುದು ಅಂತ ಕೇಳುತ್ತಾರೆ. ವ್ಯಾಖ್ಯೆ ಬಾಯಿಪಾಠ ಮಾಡಿದವರ ಪೆನ್ನು ಅಲ್ಲೇ ನಿಂತುಬಿಡುತ್ತದೆ.

ಈ ಪೇಪರ್ ಓದಿನಿಂದ ಬರುವುದಿಲ್ಲ, ಬಿಡಿಸುವುದರಿಂದ ಬರುತ್ತದೆ. ಗಣಿತದ ಪುಸ್ತಕವನ್ನು ಕಥೆಪುಸ್ತಕದಂತೆ ಓದಿ ಪರೀಕ್ಷೆಗೆ ಹೋಗುವವರಿಲ್ಲ. ಕಾಂಟ್ರ್ಯಾಕ್ಟನ್ನೂ ಅದೇ ಥರ ನೋಡಿ. ಕೆಳಗಿನ ಕ್ರಮ ಭಾರತೀಯ ಕರಾರು ಅಧಿನಿಯಮ, 1872ರ ಸಾಮಾನ್ಯ ತತ್ವಗಳ ಪೇಪರ್‌ಗೆ ಬರೆದದ್ದು.

ಹಂತ 1: 75 ಸೆಕ್ಷನ್‌ಗಳನ್ನು ಆರು ಪ್ರಶ್ನೆ ಮಾಡಿಕೊಳ್ಳಿ

ಈ ಕಾಯಿದೆ ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು. ಪುಸ್ತಕ ತಿರುವಿದರೆ 238ನೇ ಸೆಕ್ಷನ್‌ವರೆಗೆ ಕಾಣುತ್ತದೆ, ಹೆದರಬೇಡಿ. 76ರಿಂದ 123 ಈಗ ಇಲ್ಲ, ಆ ಭಾಗ 1930ರ ಸರಕು ಮಾರಾಟ ಅಧಿನಿಯಮಕ್ಕೆ ಹೋಯಿತು. 238ರ ಆಚೆಗಿದ್ದ ಪಾಲುದಾರಿಕೆಯ ಭಾಗ 1932ರಲ್ಲಿ ಬೇರೆ ಕಾಯಿದೆಯಾಯಿತು. ನಷ್ಟಭರ್ತಿ, ಜಾಮೀನು, ನಿಕ್ಷೇಪ, ಏಜೆನ್ಸಿ, ಅಂದರೆ 124ರಿಂದ 238, ಸಾಮಾನ್ಯವಾಗಿ ಎರಡನೇ ಕಾಂಟ್ರ್ಯಾಕ್ಟ್ ಪೇಪರ್‌ನ ವಿಷಯ. ಸದ್ಯ ನಿಮ್ಮ ಮುಂದಿರುವುದು 1ರಿಂದ 75.

ಇವನ್ನು ಒಂದು ಸಾಲಾಗಿ ಓದಬೇಡಿ. ಒಂದು ವ್ಯವಹಾರ ಹುಟ್ಟಿ ಸಾಯುವ ಕ್ರಮದಲ್ಲಿ ಆರು ಪ್ರಶ್ನೆಗಳಾಗಿ ಒಂದೇ ಹಾಳೆಯ ಮೇಲೆ ಬರೆದು ಮೇಜಿನ ಎದುರು ಅಂಟಿಸಿ:

ಒಂದು, ಒಪ್ಪಂದ ಆಯಿತೇ? (ಸೆಕ್ಷನ್ 2ರಿಂದ 9)
ಎರಡು, ಆದ ಒಪ್ಪಂದವನ್ನು ಕಾನೂನು ಎತ್ತಿಹಿಡಿಯುತ್ತದೆಯೇ? (10ರಿಂದ 30)
ಮೂರು, ಅದು ಯಾವುದಾದರೂ ಅನಿಶ್ಚಿತ ಘಟನೆಯ ಮೇಲೆ ನಿಂತಿದೆಯೇ? (31ರಿಂದ 36)
ನಾಲ್ಕು, ನೆರವೇರಿತೇ, ಇಲ್ಲವೇ ಬೇರೆ ದಾರಿಯಲ್ಲಿ ಮುಗಿಯಿತೇ? (37ರಿಂದ 67)
ಐದು, ಕರಾರೇ ಇಲ್ಲದಿದ್ದರೂ ಹಣ ಕೊಡಬೇಕಾದ ಸಂದರ್ಭವೇ? (68ರಿಂದ 72)
ಆರು, ಮುರಿದಿದ್ದರೆ ಪರಿಹಾರ ಎಷ್ಟು? (73ರಿಂದ 75)

ಪರೀಕ್ಷೆಯ ಯಾವ ಸಮಸ್ಯೆಯಾದರೂ ಈ ಆರರಲ್ಲಿ ಒಂದೆರಡರ ಸುತ್ತ ಇರುತ್ತದೆ. ಎಲ್ಲಿ ಅಂತ ಹಿಡಿದರೆ ಅರ್ಧ ಉತ್ತರ ಸಿಕ್ಕಂತೆ. ಹೆಚ್ಚಿನ ಭಾರ ಎರಡನೆಯದರ ಮೇಲೆ. ಮುಕ್ತ ಸಮ್ಮತಿ, ಅಪ್ರಾಪ್ತರ ಒಪ್ಪಂದ, ಪ್ರತಿಫಲವಿಲ್ಲದ ಒಪ್ಪಂದ, ವ್ಯಾಪಾರಕ್ಕೆ ತಡೆ, ಬಾಜಿ ಎಲ್ಲವೂ ಅಲ್ಲೇ ಇವೆ. ಸಮಯವನ್ನೂ ಅದಕ್ಕೆ ತಕ್ಕಂತೆ ಹಂಚಿ. ಮೂರನೆಯದಕ್ಕೆ ಎರಡು ದಿನ ಸಾಕು.

ಹಂತ 2: ಬೇರ್ ಆ್ಯಕ್ಟ್ ತೆರೆದು ಸೆಕ್ಷನ್ನನ್ನು ತುಂಡು ಮಾಡಿ

ಗೈಡ್‌ನಿಂದ ಶುರು ಮಾಡುವುದೇ ದೊಡ್ಡ ತಪ್ಪು. ಗೈಡ್ ಸೆಕ್ಷನ್ನನ್ನು ಅಗಿದು ಕೊಡುತ್ತದೆ. ಸಮಸ್ಯೆ ಬಿಡಿಸಲು ಬೇಕಾದದ್ದು ಸೆಕ್ಷನ್ನಿನ ಒಂದೊಂದು ಪದ. ಬೇರ್ ಆ್ಯಕ್ಟ್, ಅಂದರೆ ವಿವರಣೆ ಇಲ್ಲದ ಕಾಯಿದೆಯ ಮೂಲ ಪಾಠ, ಕೊಳ್ಳಲು ಆಗದಿದ್ದರೆ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಪ್ರತಿಫಲದ ಸೆಕ್ಷನ್ 2(ಡಿ) ತೆಗೆದುಕೊಳ್ಳಿ. ಸಾರ ಹೀಗಿದೆ: ವಾಗ್ದಾತನ (ಮಾತು ಕೊಟ್ಟವನ) ಇಚ್ಛೆಯ ಮೇರೆಗೆ, ವಾಗ್ದಾನ ಪಡೆದವನು ಅಥವಾ ಬೇರೆ ಯಾರಾದರೂ, ಏನನ್ನಾದರೂ ಮಾಡಿದ್ದರೆ ಅಥವಾ ಮಾಡದೆ ಬಿಟ್ಟಿದ್ದರೆ, ಈಗ ಮಾಡುತ್ತಿದ್ದರೆ ಅಥವಾ ಬಿಡುತ್ತಿದ್ದರೆ, ಮುಂದೆ ಮಾಡುವೆ ಅಥವಾ ಬಿಡುವೆ ಎಂದು ಮಾತು ಕೊಟ್ಟರೆ, ಅದೇ ಪ್ರತಿಫಲ.

ಈ ವಾಕ್ಯಕ್ಕೆ ಮೂರು ಕಡೆ ಗೆರೆ ಎಳೆಯಿರಿ.

‘ವಾಗ್ದಾತನ ಇಚ್ಛೆಯ ಮೇರೆಗೆ’: ದುರ್ಗಾ ಪ್ರಸಾದ್ ವಿರುದ್ಧ ಬಲದೇವ್ ಪ್ರಕರಣ ನಿಂತಿರುವುದು ಈ ಮೂರು ಪದಗಳ ಮೇಲೆ. ಕಲೆಕ್ಟರ್ ಹೇಳಿದರೆಂದು ಒಬ್ಬ ಮಾರುಕಟ್ಟೆ ಕಟ್ಟಿಸಿದ. ಅಲ್ಲಿನ ವ್ಯಾಪಾರಿಗಳು ಕಮಿಷನ್ ಕೊಡುತ್ತೇವೆ ಅಂದರು, ಆಮೇಲೆ ಕೊಡಲಿಲ್ಲ. ಮಾರುಕಟ್ಟೆ ಕಟ್ಟಿದ್ದು ವ್ಯಾಪಾರಿಗಳ ಇಚ್ಛೆಯ ಮೇರೆಗಲ್ಲ, ಹಾಗಾಗಿ ಪ್ರತಿಫಲವಿಲ್ಲ.

‘ಬೇರೆ ಯಾರಾದರೂ’: ಚಿನ್ನಯ್ಯ ವಿರುದ್ಧ ರಾಮಯ್ಯ. ತಾಯಿ ಮಗಳಿಗೆ ಆಸ್ತಿ ಕೊಟ್ಟಳು. ತಾಯಿಯ ಒಡಹುಟ್ಟಿದವರಿಗೆ ವರ್ಷಾಶನ ಕೊಡುವುದಾಗಿ ಮಗಳು ಅದೇ ದಿನ ಬರೆದುಕೊಟ್ಟಳು. ಅವರ ಕೈಯಿಂದ ಮಗಳಿಗೆ ಏನೂ ಬಂದಿರಲಿಲ್ಲ, ಆದರೂ ದಾವೆ ನಿಂತಿತು. ಪ್ರತಿಫಲ ತಾಯಿಯಿಂದ ಬಂದಿತ್ತು, ಅಷ್ಟು ಸಾಕಾಯಿತು.

‘ಮಾಡಿದ್ದರೆ’: ಈ ಭೂತಕಾಲವೇ ಹಿಂದಿನ ಪ್ರತಿಫಲವೂ ನಡೆಯುತ್ತದೆ ಅನ್ನುವುದಕ್ಕೆ ಆಧಾರ.

ಒಂದು ಸೆಕ್ಷನ್, ಮೂರು ಗೆರೆ, ಎರಡು ಪ್ರಕರಣ. ಪ್ರತಿ ಮುಖ್ಯ ಸೆಕ್ಷನ್ನಿಗೂ ಇಷ್ಟೇ ಕೆಲಸ. ಒಂದಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು, ಆದರೆ ಹೀಗೆ ಓದಿದ ಸೆಕ್ಷನ್ ಮರೆಯುವುದಿಲ್ಲ. ಗೆರೆ ಎಳೆಯುವಾಗ ‘ಮತ್ತು’, ‘ಅಥವಾ’, ‘ಹೊರತು’ ಪದಗಳಿಗೆ ವೃತ್ತ ಹಾಕಿ. ‘ಮತ್ತು’ ಇದ್ದರೆ ಎರಡೂ ಅಂಶ ಸಾಬೀತಾಗಬೇಕು, ‘ಅಥವಾ’ ಇದ್ದರೆ ಒಂದು ಸಾಕು. ಅನುಚಿತ ಪ್ರಭಾವದ ಸೆಕ್ಷನ್ 16ರಲ್ಲಿ ಒಬ್ಬ ಇನ್ನೊಬ್ಬನ ಇಚ್ಛೆಯ ಮೇಲೆ ಹಿಡಿತ ಸಾಧಿಸುವ ಸ್ಥಾನದಲ್ಲಿದ್ದರೆ ಸಾಲದು, ಆ ಸ್ಥಾನ ಬಳಸಿ ಅನುಚಿತ ಲಾಭ ಪಡೆದಿರಲೂ ಬೇಕು. ಗುರು–ಶಿಷ್ಯ, ವೈದ್ಯ–ರೋಗಿ ಅಂತ ಸಂಬಂಧ ಕಂಡ ಕೂಡಲೇ ಅನುಚಿತ ಪ್ರಭಾವ ಅಂತ ತೀರ್ಪು ಬರೆದುಬಿಡುವವರು ಕಳೆದುಕೊಳ್ಳುವುದು ಈ ಎರಡನೇ ಅಂಶದ ಅಂಕಗಳನ್ನು.

ಹಂತ 3: ದೃಷ್ಟಾಂತಗಳನ್ನು ಹಾರಿಸಬೇಡಿ

ಸೆಕ್ಷನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ದೃಷ್ಟಾಂತಗಳು ಶಾಸಕಾಂಗವೇ ಬಿಡಿಸಿಕೊಟ್ಟ ಲೆಕ್ಕಗಳು. ಪ್ರಶ್ನೆಪತ್ರಿಕೆಯ ಸಮಸ್ಯೆಗಳು ಎಷ್ಟೋ ಸಲ ಇವುಗಳ ಹೆಸರು, ವಸ್ತು ಬದಲಿಸಿದ ರೂಪಗಳೇ.

ಸೆಕ್ಷನ್ 17, ವಂಚನೆ. ಕಾಯಿಲೆಯ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಏನೂ ಹೇಳದೆ ಸುಮ್ಮನಿದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಅವನದೇ ಮಗಳು, ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳು ಆಗಿದ್ದರೆ, ಆ ಸಂಬಂಧದಿಂದಲೇ ಹೇಳುವ ಕರ್ತವ್ಯ ಹುಟ್ಟುತ್ತದೆ. ಕೊಳ್ಳುವವನು ‘ನೀನು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂದುಕೊಳ್ಳುತ್ತೇನೆ’ ಅಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತು. ಒಂದೇ ಕುದುರೆ, ಒಂದೇ ಮೌನ, ಬೇರೆ ಬೇರೆ ಫಲ. ಕುದುರೆಯ ಜಾಗದಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಇಟ್ಟು ನೋಡಿ, ಪರೀಕ್ಷೆಯ ಪ್ರಶ್ನೆ ಸಿದ್ಧ.

ಅಭ್ಯಾಸ ಹೀಗೆ ಮಾಡಿ: ದೃಷ್ಟಾಂತದ ಕೊನೆಯ ವಾಕ್ಯವನ್ನು, ಅಂದರೆ ಫಲಿತಾಂಶವನ್ನು, ಕಾಗದದಿಂದ ಮುಚ್ಚಿ. ನಿಮ್ಮ ಉತ್ತರ ಮತ್ತು ಕಾರಣ ಒಂದು ಸಾಲಿನಲ್ಲಿ ಬರೆದು ಆಮೇಲೆ ಕಾಗದ ತೆಗೆಯಿರಿ. ಪರಿಹಾರದ ಸೆಕ್ಷನ್ 73ರ ಕೆಳಗೆ ಹದಿನೈದಕ್ಕೂ ಹೆಚ್ಚು ದೃಷ್ಟಾಂತಗಳಿವೆ. ಒಂದು ಸಂಜೆ ಪೂರ್ತಿ ಅವಕ್ಕೆ ಕೊಟ್ಟರೂ ನಷ್ಟವಿಲ್ಲ.

ಹಂತ 4: ಪ್ರಕರಣಕ್ಕೆ ಐದು ಸಾಲು, ಅಷ್ಟೇ

ಹೆಸರು ಕಲಿತು ಸಂಗತಿ ಮರೆಯುವುದು, ಸಂಗತಿ ನೆನಪಿದ್ದು ತತ್ವ ಮರೆಯುವುದು, ಎರಡೂ ಸಾಮಾನ್ಯ. ಪ್ರತಿ ಪ್ರಕರಣಕ್ಕೂ ಐದು ಸಾಲು ಬರೆಯಿರಿ: ಯಾರ ನಡುವೆ ಮತ್ತು ಯಾವ ವರ್ಷ, ನಡೆದದ್ದೇನು, ಪ್ರಶ್ನೆ ಏನು, ಉತ್ತರ ಮತ್ತು ಕಾರಣ, ಯಾವ ಸೆಕ್ಷನ್. ನೂರು ಪದ ದಾಟಬಾರದು.

ಲಾಲ್‌ಮನ್ ಶುಕ್ಲಾ ವಿರುದ್ಧ ಗೌರಿ ದತ್, ಅಲಹಾಬಾದ್ ಹೈಕೋರ್ಟ್, 1913.
ಯಜಮಾನನ ಒಡಹುಟ್ಟಿದವರ ಮಗ ಮನೆ ಬಿಟ್ಟು ಹೋದ. ಹುಡುಕಲು ಗುಮಾಸ್ತನನ್ನು ಕಳಿಸಿದರು. ಅವನು ಹೋದ ಮೇಲೆ 501 ರೂಪಾಯಿ ಬಹುಮಾನ ಸಾರಿದರು. ಅದು ಗೊತ್ತಿಲ್ಲದೆಯೇ ಗುಮಾಸ್ತ ಹುಡುಗನನ್ನು ಪತ್ತೆ ಮಾಡಿದ.
ಪ್ರಸ್ತಾವ ಗೊತ್ತಿಲ್ಲದೆ ಮಾಡಿದ ಕೆಲಸ ಸ್ವೀಕಾರವಾಗುತ್ತದೆಯೇ?
ಇಲ್ಲ. ತಿಳಿಯದ್ದನ್ನು ಒಪ್ಪಲು ಬರುವುದಿಲ್ಲ. ಮೇಲಾಗಿ ಹುಡುಕುವುದು ಅವನ ಕೆಲಸವೇ ಆಗಿತ್ತು.
ಸೆಕ್ಷನ್ 2(ಎ), 2(ಬಿ), 8.

ಇದರ ಪಕ್ಕದಲ್ಲೇ 1893ರ ಕಾರ್ಲಿಲ್ ಪ್ರಕರಣ ಇಡಿ. ಜ್ವರ ತಡೆಯಲೆಂದು ಮಾರುತ್ತಿದ್ದ ‘ಹೊಗೆಯುಂಡೆ’ ಬಳಸಿಯೂ ಜ್ವರ ಬಂದವರಿಗೆ 100 ಪೌಂಡ್ ಕೊಡುತ್ತೇವೆ, ಅದಕ್ಕಾಗಿ 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಅಂತ ಕಂಪನಿ ಜಾಹೀರಾತು ಕೊಟ್ಟಿತ್ತು. ಜಾಹೀರಾತು ಓದಿ, ಬಳಸಿ, ಜ್ವರ ಬಂದಾಕೆಗೆ ಹಣ ಸಿಕ್ಕಿತು. ಅಲ್ಲಿ ಅರಿವಿತ್ತು, ಇಲ್ಲಿ ಇರಲಿಲ್ಲ. ಪ್ರಕರಣಗಳನ್ನು ಹೀಗೆ ಜೋಡಿಯಾಗಿ ಕಲಿತರೆ ತತ್ವದ ಗಡಿ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮೂವತ್ತು ಪ್ರಕರಣ ಗಟ್ಟಿಯಾಗಿ ಗೊತ್ತಿದ್ದರೆ ಧಾರಾಳವಾಯಿತು. ಬಿಡಲೇಬಾರದವು: 1903ರ ಮೊಹೋರಿ ಬೀಬಿ, ಅಪ್ರಾಪ್ತನ ಒಪ್ಪಂದ ಮೊದಲಿನಿಂದಲೇ ಶೂನ್ಯ, ಅಂದರೆ ಕಾನೂನಿನ ಕಣ್ಣಲ್ಲಿ ಇಲ್ಲವೇ ಇಲ್ಲ. 1919ರ ಬಾಲ್ಫೋರ್, ಕಾನೂನು ಸಂಬಂಧದ ಉದ್ದೇಶ. 1966ರ ಭಗವಾನ್‌ದಾಸ್ ಕೇಡಿಯಾ, ಫೋನಿನಲ್ಲಿ ಒಪ್ಪಿದರೆ ಆ ಮಾತು ಕೇಳಿಸಿದ ಊರಿನಲ್ಲಿ ಕರಾರು ಆಗುತ್ತದೆ. 1954ರ ಸತ್ಯವ್ರತ ಘೋಷ್, ಸೆಕ್ಷನ್ 56ರ ‘ಅಸಾಧ್ಯ’ ಎಂದರೆ ಕೈಕಾಲು ಆಡದಂಥ ಅಸಾಧ್ಯವೇ ಆಗಬೇಕಿಲ್ಲ. 1854ರ ಹ್ಯಾಡ್ಲಿ, ಎಂಥ ನಷ್ಟಕ್ಕೆ ಪರಿಹಾರ. 1963ರ ಫತೇಚಂದ್, ಕರಾರಿನಲ್ಲೇ ಬರೆದಿಟ್ಟ ಪರಿಹಾರದ ಮೊತ್ತ, ಸೆಕ್ಷನ್ 74. ತೀರ್ಪಿನ ಮೂಲ ಪಾಠ ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಓದಬಹುದು. ಕೇಡಿಯಾ ತೀರ್ಪನ್ನಾದರೂ ಪೂರ್ತಿ ಓದಿ. ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಭಿನ್ನಮತ ಅದರಲ್ಲಿದೆ. ಒಂದೇ ಸೆಕ್ಷನ್ನಿನ ಪದಗಳನ್ನು ಇಬ್ಬರು ಎರಡು ರೀತಿ ಓದುವುದನ್ನು ಕಣ್ಣಾರೆ ನೋಡುವುದು ಬೇರೆಯೇ ಪಾಠ.

ಹಂತ 5: ಇಂಗ್ಲಿಷ್ ಕಾನೂನು ಎಲ್ಲಿ ಬೇರೆಯಾಗುತ್ತದೆ ಅಂತ ಗುರುತು ಹಾಕಿಕೊಳ್ಳಿ

ನಮ್ಮ ಪಠ್ಯಗಳಲ್ಲಿ ಇಂಗ್ಲೆಂಡಿನ ಪ್ರಕರಣಗಳು ತುಂಬಿವೆ. ಯೂಟ್ಯೂಬಿನಲ್ಲಿ ಸಿಗುವ ಪಾಠಗಳಲ್ಲೂ ಹಲವು ಅಲ್ಲಿನವೇ. ಅವನ್ನು ಹಾಗೇ ಎತ್ತಿ ಬರೆದರೆ ಉತ್ತರ ತಪ್ಪಾಗುವ ಜಾಗಗಳಿವೆ. ಅಲ್ಲಿ ಪ್ರತಿಫಲ ವಾಗ್ದಾನ ಪಡೆದವನಿಂದಲೇ ಬರಬೇಕು, ನಮ್ಮಲ್ಲಿ ಬೇರೆಯವರಿಂದಲೂ ಬರಬಹುದು. ಅಲ್ಲಿ ಸ್ವೀಕಾರದ ಪತ್ರ ಅಂಚೆಗೆ ಬಿದ್ದರೆ ಇಬ್ಬರೂ ಕಟ್ಟುಬಿದ್ದರು. ನಮ್ಮಲ್ಲಿ ಆಗ ಕಟ್ಟುಬೀಳುವವನು ಪ್ರಸ್ತಾವ ಇಟ್ಟವನು ಮಾತ್ರ, ಒಪ್ಪಿದವನು ಕಟ್ಟುಬೀಳುವುದು ಪತ್ರ ತಲುಪಿದಾಗ. ದಂಡದ ಮೊತ್ತ, ಮೊದಲೇ ಅಂದಾಜು ಮಾಡಿದ ಪರಿಹಾರದ ಮೊತ್ತ ಅಂತ ಅಲ್ಲಿ ಮಾಡುವ ಭೇದವನ್ನು ನಮ್ಮ ಸೆಕ್ಷನ್ 74 ತೆಗೆದುಹಾಕಿದೆ. ಎರಡರಲ್ಲೂ ಕೋರ್ಟು ಕೊಡಿಸುವುದು ಆ ಮೊತ್ತವನ್ನು ಮೀರದ, ಸಮಂಜಸವಾದ ಪರಿಹಾರ.

ಪ್ರತಿಫಲಕ್ಕೆ ಹೊರಗಿನವನು, ಅಂದರೆ ತಾನು ಪ್ರತಿಫಲ ಕೊಡದವನು, ದಾವೆ ಹಾಕಬಹುದು ಅಂದ ಮಾತ್ರಕ್ಕೆ ಕರಾರಿಗೇ ಹೊರಗಿನವನು ಹಾಕಬಹುದು ಅಂತಲ್ಲ. ಚಿನ್ನಯ್ಯ ಪ್ರಕರಣದಲ್ಲಿ ದಾವೆ ಹಾಕಿದವರಿಗೆ ಮಗಳು ನೇರವಾಗಿ ಬರೆದುಕೊಟ್ಟಿದ್ದಳು, ಅವರು ಕರಾರಿನ ಒಳಗೇ ಇದ್ದರು. ಈ ಒಂದು ಗೊಂದಲ ಎಷ್ಟು ಒಳ್ಳೆಯ ಉತ್ತರಗಳನ್ನು ಕೆಡಿಸುತ್ತದೆ ಎಂದರೆ, ಇದನ್ನು ದೊಡ್ಡ ಅಕ್ಷರದಲ್ಲಿ ಬೇರೆಯಾಗಿಯೇ ಬರೆದಿಟ್ಟುಕೊಳ್ಳಬೇಕು.

ಹಂತ 6: ಸಮಸ್ಯೆ ಬಿಡಿಸುವುದು

ಎಲ್ಲಾ ಓದು ಬಂದು ಸೇರುವುದು ಇಲ್ಲಿಗೆ. ನಾಲ್ಕು ಭಾಗಗಳ ಉತ್ತರ ರೂಢಿಸಿಕೊಳ್ಳಿ: ಪ್ರಶ್ನೆ ಏನು, ನಿಯಮ ಏನು, ಈ ಸಂಗತಿಗೆ ನಿಯಮ ಹೇಗೆ ಹೊಂದುತ್ತದೆ, ತೀರ್ಮಾನ. ನಾಲ್ಕರಲ್ಲಿ ಮೂರನೆಯದೇ ಅತಿ ಉದ್ದ ಇರಬೇಕು. ಎಡವುವವರ ಉತ್ತರದಲ್ಲಿ ನಿಯಮ ಒಂದು ಪುಟ, ಅನ್ವಯ ಒಂದು ಸಾಲು ಇರುತ್ತದೆ.

ಒಂದು ಸಮಸ್ಯೆ: ರಮೇಶ್ ತನ್ನ ಬೈಕನ್ನು 40,000 ರೂಪಾಯಿಗೆ ಕೊಡುವುದಾಗಿ ಸಲ್ಮಾಗೆ ಜೂನ್ 1ರಂದು ಪತ್ರ ಬರೆದ. ಅದು 4ಕ್ಕೆ ತಲುಪಿತು. ಜೂನ್ 3ರಂದು ಮನಸ್ಸು ಬದಲಿಸಿ ಪ್ರಸ್ತಾವ ಹಿಂತೆಗೆದ ಪತ್ರ ಹಾಕಿದ. ಅದು ತಲುಪಿದ್ದು 6ಕ್ಕೆ. ಸಲ್ಮಾ ಒಪ್ಪಿಗೆ ಪತ್ರ ಅಂಚೆಗೆ ಹಾಕಿದ್ದು 5ಕ್ಕೆ, ಅದು ರಮೇಶನಿಗೆ ತಲುಪಿದ್ದು 8ಕ್ಕೆ. ಕರಾರು ಆಗಿದೆಯೇ?

ಮೊದಲು ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು 1, 3, 4, 5, 6, 8 ದಿನಾಂಕ ಗುರುತಿಸಿ, ಪ್ರತಿಯೊಂದರ ಕೆಳಗೆ ಒಂದೆರಡು ಪದ ಬರೆಯಿರಿ. ತಲೆಯಲ್ಲೇ ಇಟ್ಟುಕೊಂಡರೆ ದಿನಾಂಕ ಅದಲುಬದಲಾಗುತ್ತದೆ.

ಪ್ರಶ್ನೆ: ಜೂನ್ 3ರ ಹಿಂತೆಗೆತ ಸಮಯಕ್ಕೆ ಸರಿಯಾಗಿ ಆಯಿತೇ?

ನಿಯಮ: ಸೆಕ್ಷನ್ 5ರ ಪ್ರಕಾರ, ಸ್ವೀಕಾರದ ತಿಳಿವಳಿಕೆ ಪ್ರಸ್ತಾವ ಇಟ್ಟವನ ವಿರುದ್ಧ ಪೂರ್ಣವಾಗುವ ಮುಂಚೆ ಪ್ರಸ್ತಾವ ಹಿಂತೆಗೆಯಬಹುದು. ಅದು ಪೂರ್ಣವಾಗುವುದು, ಸೆಕ್ಷನ್ 4ರ ಪ್ರಕಾರ, ಸ್ವೀಕರಿಸಿದವರ ಕೈ ಮೀರಿ ಪತ್ರ ರವಾನೆಯ ಹಾದಿಗೆ ಬಿದ್ದಾಗ. ಹಿಂತೆಗೆತ ಪಡೆಯುವವರ ವಿರುದ್ಧ ಪೂರ್ಣವಾಗುವುದು ಅದು ಅವರ ಅರಿವಿಗೆ ಬಂದಾಗ.

ಅನ್ವಯ: ಸಲ್ಮಾ 5ರಂದು ಪತ್ರ ಅಂಚೆಗೆ ಹಾಕಿದ ಕ್ಷಣವೇ ಸ್ವೀಕಾರ ರಮೇಶನ ವಿರುದ್ಧ ಪೂರ್ಣವಾಯಿತು. ಹಿಂತೆಗೆತ ಸಲ್ಮಾಳ ಅರಿವಿಗೆ ಬಂದದ್ದು 6ರಂದು, ಒಂದು ದಿನ ತಡ. ರಮೇಶ್ 3ರಂದೇ ಬರೆದಿದ್ದ ಅನ್ನುವುದು ಅವಳ ವಿರುದ್ಧ ಲೆಕ್ಕಕ್ಕೆ ಬರುವುದಿಲ್ಲ.

ತೀರ್ಮಾನ: ಕರಾರು ಆಗಿದೆ.

ಇಷ್ಟಕ್ಕೆ ನಿಲ್ಲಿಸಬೇಡಿ, ಸಂಗತಿಯನ್ನು ಒಂದಿಷ್ಟು ತಿರುಗಿಸಿ. ಜೂನ್ 7ರಂದು ಸಲ್ಮಾ ಫೋನ್ ಮಾಡಿ ‘ನನಗೆ ಬೈಕು ಬೇಡ’ ಅಂದಿದ್ದರೆ? ಅವಳ ವಿರುದ್ಧ ಸ್ವೀಕಾರ ಪೂರ್ಣವಾಗುವುದು 8ರಂದು, ಪತ್ರ ರಮೇಶನ ಅರಿವಿಗೆ ಬಂದಾಗ. ಹಾಗಾಗಿ 7ರಂದು ಅವಳು ಹಿಂದೆ ಸರಿಯಬಹುದು. ಹಿಂತೆಗೆತದ ಪತ್ರ 4ರಂದೇ ಸಿಕ್ಕಿದ್ದರೆ? ಕರಾರು ಇಲ್ಲ. ಒಂದು ಸಮಸ್ಯೆಯನ್ನು ಹೀಗೆ ಮೂರು ಸಲ ತಿರುಗಿಸಿದವರಿಗೆ ಸೆಕ್ಷನ್ 4 ಮತ್ತು 5ರಲ್ಲಿ ಯಾವ ಪ್ರಶ್ನೆ ಬಂದರೂ ಗಾಬರಿ ಇರುವುದಿಲ್ಲ.

ವಾರಕ್ಕೆ ನಾಲ್ಕು ಸಮಸ್ಯೆ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು, ಕೈಯಲ್ಲಿ ಬರೆಯಿರಿ. ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುವುದು ಲೆಕ್ಕಕ್ಕಿಲ್ಲ. ಸಹಪಾಠಿಯೊಬ್ಬರ ಜೊತೆ ಹಾಳೆ ಬದಲಿಸಿಕೊಂಡು ಓದಿ. ಅವರು ‘ಯಾಕೆ?’ ಅಂತ ಕೇಳಿದ ಜಾಗದಲ್ಲೆಲ್ಲ ಅನ್ವಯ ಸಾಲದು ಅಂತ ಅರ್ಥ.

ಅದಲುಬದಲಾಗುವ ಜೋಡಿಗಳು

ಶೂನ್ಯ ಮತ್ತು ಶೂನ್ಯಗೊಳಿಸಬಹುದಾದದ್ದು: ಒತ್ತಾಯ, ವಂಚನೆ, ತಪ್ಪು ನಿರೂಪಣೆ, ಅನುಚಿತ ಪ್ರಭಾವ ಇದ್ದರೆ ನೊಂದವನು ಬೇಡವೆಂದರೆ ಮಾತ್ರ ಕರಾರು ಬೀಳುತ್ತದೆ (19, 19ಎ). ಒಪ್ಪಂದಕ್ಕೆ ಅತ್ಯಗತ್ಯವಾದ ಸಂಗತಿಯ ಬಗ್ಗೆ ಇಬ್ಬರೂ ತಪ್ಪು ತಿಳಿದಿದ್ದರೆ ಅದು ಶೂನ್ಯವೇ (20). ಅಲ್ಲಿ ಆಯ್ಕೆಯ ಮಾತಿಲ್ಲ.

ಶೂನ್ಯ ಮತ್ತು ಕಾನೂನುಬಾಹಿರ: ಬಾಜಿಯ ಒಪ್ಪಂದ ಸೆಕ್ಷನ್ 30ರಲ್ಲಿ ಶೂನ್ಯ, ಅಷ್ಟರಿಂದಲೇ ಕಾನೂನುಬಾಹಿರವಲ್ಲ. 1959ರ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ವಂಚನೆ ಮತ್ತು ತಪ್ಪು ನಿರೂಪಣೆ: ಸುಳ್ಳೆಂದು ಗೊತ್ತಿದ್ದು ಹೇಳಿದನೋ, ನಿಜವೆಂದು ನಂಬಿ ಹೇಳಿದನೋ ಅನ್ನುವುದು ಒರೆಗಲ್ಲು.

ಅಪ್ರಾಪ್ತನಿಗೆ ಜೀವನಾವಶ್ಯಕ ವಸ್ತು ಕೊಟ್ಟವನಿಗೆ ಸೆಕ್ಷನ್ 68ರಲ್ಲಿ ಹಣ ಸಿಗುತ್ತದೆ. ಆದರೆ ಅದು ಅಪ್ರಾಪ್ತನ ಆಸ್ತಿಯಿಂದ, ಅವನ ಮೈಮೇಲಿನ ಹೊಣೆಯಾಗಿ ಅಲ್ಲ. ‘ಆಸ್ತಿಯಿಂದ’ ಅನ್ನುವ ಪದ ಬಿಟ್ಟರೆ ಉತ್ತರ ಅರ್ಧಕ್ಕೆ ನಿಂತಂತೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಇಲ್ಲಿ ಕಷ್ಟ ಎರಡು ಪಟ್ಟು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾನೂನೂ ಹೊಸದು, ಭಾಷೆಯೂ ಹೊಸದು. ಎರಡನ್ನೂ ಒಟ್ಟಿಗೆ ಎಳೆಯಬೇಡಿ. ಸೆಕ್ಷನ್ನನ್ನು ಇಂಗ್ಲಿಷಿನಲ್ಲಿ ಒಮ್ಮೆ ಓದಿ, ಪುಸ್ತಕ ಮುಚ್ಚಿ ನಿಮ್ಮ ಮನೆಮಾತಿನ ಕನ್ನಡದಲ್ಲಿ ಜೋರಾಗಿ ಹೇಳಿ, ಮತ್ತೆ ಇಂಗ್ಲಿಷ್ ಪಾಠಕ್ಕೆ ಹೋಗಿ. ಹೇಳಲು ಬಾರದ ಕಡೆ ಅರ್ಥವಾಗಿಲ್ಲ ಅಂತ ತಿಳಿಯಿರಿ.

ಒಂದು ಚಿಕ್ಕ ಪುಸ್ತಕದಲ್ಲಿ ಪದಜೋಡಿ ಬರೆದುಕೊಳ್ಳಿ. ಆಫರ್ ಪ್ರಸ್ತಾವ, ಕನ್ಸಿಡರೇಷನ್ ಪ್ರತಿಫಲ, ಅಗ್ರಿಮೆಂಟ್ ಒಪ್ಪಂದ, ಕಾಂಟ್ರ್ಯಾಕ್ಟ್ ಕರಾರು. ಕೊನೆಯ ಎರಡನ್ನು ದಿನಬಳಕೆಯಲ್ಲಿ ಒಂದೇ ಅರ್ಥಕ್ಕೆ ಆಡುತ್ತೇವೆ. ಕಾಯಿದೆಯಲ್ಲಿ ಹಾಗಿಲ್ಲ: ಕಾನೂನು ಜಾರಿಗೊಳಿಸಬಲ್ಲ ಒಪ್ಪಂದ ಮಾತ್ರ ಕರಾರು, ಸೆಕ್ಷನ್ 2(ಎಚ್). ಕನ್ನಡದಲ್ಲಿ ಪರೀಕ್ಷೆ ಬರೆಯುವವರು ಒಂದು ಪದ ಆರಿಸಿಕೊಂಡು ಉತ್ತರದ ಉದ್ದಕ್ಕೂ ಅದನ್ನೇ ಬಳಸಿ. ಮೊದಲ ಸಲ ಬರುವಾಗ ಇಂಗ್ಲಿಷ್ ಪದವನ್ನೂ ಪಕ್ಕದಲ್ಲಿ ಬರೆದರೆ ಮೌಲ್ಯಮಾಪಕರಿಗೆ ಸಂದೇಹ ಉಳಿಯುವುದಿಲ್ಲ.

ವಾರದ ಲೆಕ್ಕ, ಪರೀಕ್ಷೆಯ ಲೆಕ್ಕ

ಹನ್ನೆರಡು ವಾರ ಸಿಕ್ಕರೆ ವಾರಕ್ಕೆ ಆರೇಳು ಸೆಕ್ಷನ್, ಮೂರು ಪ್ರಕರಣ, ನಾಲ್ಕು ಸಮಸ್ಯೆ. ದಿನಕ್ಕೆ ಒಂದು ಗಂಟೆ ಸಾಕು, ಆದರೆ ದಿನವೂ ಇರಲಿ. ಭಾನುವಾರ ಹೊಸದೇನೂ ಬೇಡ, ಆರು ಪ್ರಶ್ನೆಗಳ ಹಾಳೆಯನ್ನು ನೋಡದೆ ಮತ್ತೆ ಬರೆಯಿರಿ. ಕೆಲಸಕ್ಕೆ ಹೋಗುತ್ತಾ ಓದುವವರು ಪ್ರಕರಣಗಳ ಐದು ಸಾಲನ್ನು ಫೋನಿನಲ್ಲಿ ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಬಹುದು. ಸಮಸ್ಯೆಗಳಿಗೆ ಮಾತ್ರ ಕುಳಿತು ಬರೆಯುವ ಸಮಯವೇ ಬೇಕು.

ಟೆಸ್ಟ್‌ನಲ್ಲಿ ಅಂಕ ಕಡಿಮೆ ಬಂದಿದ್ದರೆ ಉತ್ತರ ಪತ್ರಿಕೆ ಕೇಳಿ ಪಡೆಯಿರಿ. ಪ್ರತಿ ಉತ್ತರದ ಪಕ್ಕ ಒಂದು ಅಕ್ಷರ ಹಾಕಿ: ಪ್ರಶ್ನೆಯೇ ಗುರುತಿಸದಿದ್ದರೆ ‘ಪ್ರ’, ನಿಯಮ ತಪ್ಪಿದ್ದರೆ ‘ನಿ’, ಅನ್ವಯ ಸಾಲದಿದ್ದರೆ ‘ಅ’, ಸಮಯ ಸಾಲದಿದ್ದರೆ ‘ಸ’. ‘ನಿ’ ಹೆಚ್ಚಿದ್ದರೆ ಹಂತ 2ಕ್ಕೆ ಮರಳಿ, ‘ಅ’ ಹೆಚ್ಚಿದ್ದರೆ ಹಂತ 6ಕ್ಕೆ. ಇನ್ನೊಂದು ಗೈಡ್ ಕೊಂಡರೆ ಎರಡೂ ಸರಿಹೋಗುವುದಿಲ್ಲ.

ಪರೀಕ್ಷೆಯಲ್ಲಿ ಒಟ್ಟು ನಿಮಿಷದಿಂದ ಹತ್ತು ಕಳೆದು, ಉಳಿದದ್ದನ್ನು ಒಟ್ಟು ಅಂಕದಿಂದ ಭಾಗಿಸಿ. ಮೂರು ಗಂಟೆ, 80 ಅಂಕದ ಪತ್ರಿಕೆಯಾದರೆ ಅಂಕಕ್ಕೆ ಎರಡು ನಿಮಿಷದ ಮೇಲೆ ಚೂರು ಸಿಗುತ್ತದೆ. ಆರು ಅಂಕದ ಸಮಸ್ಯೆಗೆ ಹನ್ನೆರಡು ನಿಮಿಷ. ಆ ಹನ್ನೆರಡರಲ್ಲಿ ಮೊದಲ ಎರಡು ನಿಮಿಷ ಬರೆಯಬೇಡಿ, ದಿನಾಂಕದ ಗೆರೆ ಎಳೆಯಿರಿ. ಸೆಕ್ಷನ್ ಸಂಖ್ಯೆ ನೆನಪಾಗದಿದ್ದರೆ ಊಹಿಸಿ ತಪ್ಪು ಸಂಖ್ಯೆ ಹಾಕುವುದಕ್ಕಿಂತ ‘ಕಾಯಿದೆಯ ಪ್ರಕಾರ’ ಅಂತ ಬರೆದು ನಿಯಮದ ಪದಗಳನ್ನು ಸರಿಯಾಗಿ ಕೊಡಿ. ಎಡ ಅಂಚಿನಲ್ಲಿ ಜಾಗ ಬಿಟ್ಟಿರಿ. ಮುಂದಿನ ಪ್ರಶ್ನೆ ಬರೆಯುವಾಗ ಸಂಖ್ಯೆ ಹೊಳೆದರೆ ಅಲ್ಲೇ ಸೇರಿಸಬಹುದು.